ಪಾಟೀ ಸವಾಲು: ಸಾಕ್ಷಿಯ ಬಾಯಿಂದ ಹಾಳೆಗೆ

ಕಟಕಟೆಯಲ್ಲಿ ನಿಂತ ಸಾಕ್ಷಿ ತಡವರಿಸಿದರೆ, ಬೆವರೊರೆಸಿಕೊಂಡರೆ, ಕಕ್ಷಿದಾರನಿಗೆ ಖುಷಿ. 'ಸಾರ್, ಚೆನ್ನಾಗಿ ಝಾಡಿಸಿದಿರಿ' ಅನ್ನುತ್ತಾನೆ. ಒಂದೆರಡು ವರ್ಷ ಕಳೆದು ವಾದ ಮಂಡಿಸುವ ದಿನ ಅದೇ ಸಾಕ್ಷ್ಯದ ಪ್ರತಿ ತೆಗೆದು ನೋಡಿದರೆ ಬೆವರೂ ಇಲ್ಲ, ತಡವರಿಕೆಯೂ ಇಲ್ಲ. ಉಳಿದಿರುವುದು ಒಂದು ಸಾಲು: 'ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಸಾಕ್ಷ್ಯ ಬರೆದುಕೊಂಡ ನ್ಯಾಯಾಧೀಶರು ಅಷ್ಟರಲ್ಲಿ ವರ್ಗವಾಗಿರಬಹುದು. ಮೇಲ್ಮನವಿ ಕೇಳುವವರಂತೂ ಆ ಸಾಕ್ಷಿಯ ಮುಖವನ್ನೇ ನೋಡಿರುವುದಿಲ್ಲ. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆಯಲು ನ್ಯಾಯಾಧೀಶರಿಗೆ ಕಾನೂನಿನಲ್ಲಿ ಅವಕಾಶವಿದೆ ನಿಜ, ಆದರೆ ಕೆಲಸದ ಒತ್ತಡದಲ್ಲಿ ಯಾರಾದರೂ ಅದನ್ನು ಬರೆಯುತ್ತಾರೆಂದು ನಂಬಿ ಕೂರಬೇಡಿ. ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಈ ಪಾಟೀ ಸವಾಲು ಮಾಡುವುದು ಆ ಹಾಳೆಯನ್ನು ಮುಂದೆ ಓದುವವರಿಗಾಗಿ. ಇಲ್ಲಿ ಹೇಳಿರುವುದು ಆರೋಪಿ ಪರ ವಕೀಲರನ್ನು ಮನಸ್ಸಿನಲ್ಲಿಟ್ಟುಕೊಂಡು, ಕ್ರಿಮಿನಲ್ ವಿಚಾರಣೆಯ ಬಗ್ಗೆ.

ಮೊದಲು ಯಾವ ಕಾನೂನು ಎಂದು ಗೊತ್ತುಮಾಡಿಕೊಳ್ಳಿ

ಭಾರತೀಯ ಸಾಕ್ಷ್ಯ ಅಧಿನಿಯಮ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಅದಕ್ಕೆ ಮೊದಲೇ ತನಿಖೆಯೋ ವಿಚಾರಣೆಯೋ ಬಾಕಿಯಿದ್ದ ಪ್ರಕರಣಗಳಿಗೆ 1872ರ ಸಾಕ್ಷ್ಯ ಅಧಿನಿಯಮ ಮತ್ತು 1973ರ ದಂಡ ಪ್ರಕ್ರಿಯಾ ಸಂಹಿತೆಯೇ ಮುಂದುವರಿಯುತ್ತವೆ. ಹೀಗಾಗಿ ಒಂದೇ ದಿನ ಬೆಳಿಗ್ಗೆ ಕಲಂ 145, ಮಧ್ಯಾಹ್ನ ಕಲಂ 148 ಅನ್ನಬೇಕಾದ ಕಾಲ ಇನ್ನೂ ಹಲವು ವರ್ಷ ಇರುತ್ತದೆ. ಫೈಲಿನ ಒಳರಟ್ಟಿನ ಮೇಲೆ ಈ ಜೋಡಿಗಳನ್ನು ಬರೆದಿಟ್ಟುಕೊಳ್ಳಿ: ಪೊಲೀಸ್ ಹೇಳಿಕೆ 161, ಈಗ 180. ಅದರ ಬಳಕೆಗೆ ಮಿತಿ ಹಾಕುವ 162, ಈಗ 181. ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ 164, ಈಗ 183. ಸಾಕ್ಷಿಯನ್ನು ಮರಳಿ ಕರೆಸುವ 311, ಈಗ 348. ಸಾಕ್ಷ್ಯ ಅಧಿನಿಯಮದಲ್ಲಿ ಹಿಂದಿನ ಲಿಖಿತ ಹೇಳಿಕೆಯನ್ನು ಮುಂದಿಟ್ಟು ಪ್ರಶ್ನಿಸುವ 145, ಈಗ 148. ಕರೆಸಿದ ಪಕ್ಷಕ್ಕೇ ತಿರುಗಿಬಿದ್ದ ಪ್ರತಿಕೂಲ ಸಾಕ್ಷಿಯ 154, ಈಗ 157. ಎಲೆಕ್ಟ್ರಾನಿಕ್ ದಾಖಲೆಯ 65ಬಿ, ಈಗ 63. ಸಂಖ್ಯೆ ಬದಲಾಗಿದೆ, ಕೆಳಗೆ ಹೇಳುವ ಕಸುಬು ಬಹುಮಟ್ಟಿಗೆ ಹಳೆಯದೇ.

ಒಂದು ದೊಡ್ಡ ಹಾಳೆ

ದೋಷಾರೋಪಣಾ ಪಟ್ಟಿಯ ಪ್ರತಿಗಳು ಪೂರ್ತಿ ಬಂದಿವೆಯೇ ಎಂದು ಎಣಿಸಿ ನೋಡುವುದು ಮೊದಲ ಕೆಲಸ. ಹೊಸ ಸಂಹಿತೆಯ ಕಲಂ 230ರ ಪ್ರಕಾರ, ಆರೋಪಿ ಹಾಜರಾದ ದಿನದಿಂದ 14 ದಿನ ದಾಟದಂತೆ ಪ್ರತಿಗಳನ್ನು ಕೊಡಬೇಕು. ಪೆನ್ ಡ್ರೈವ್, ಸಿಡಿ ಏನಾದರೂ ಮುದ್ದೆಮಾಲಿನಲ್ಲಿ (ಪೊಲೀಸರು ವಶಪಡಿಸಿಕೊಂಡ ವಸ್ತುಗಳಲ್ಲಿ) ಇದ್ದರೆ ಅದರ ಪ್ರತಿಯನ್ನು ಈಗಲೇ ಕೇಳಿ; ಸಾಕ್ಷಿ ಕಟಕಟೆ ಹತ್ತಿದ ಮೇಲೆ ಕೇಳಿದರೆ ಮುಂದೂಡಿಕೆಗೆ ನೆಪ ಹುಡುಕುತ್ತಿದ್ದೀರಿ ಎಂದೇ ಕೋರ್ಟು ಭಾವಿಸುತ್ತದೆ.

ಆಮೇಲೆ ಒಂದು ದೊಡ್ಡ ಹಾಳೆ ತೆಗೆದುಕೊಂಡು, ಪ್ರತಿ ಮುಖ್ಯ ಸಾಕ್ಷಿಗೂ ಒಂದರಂತೆ ಚೌಕ ಹಾಕಿ. ಎಡಬದಿಯಲ್ಲಿ ಮೇಲಿಂದ ಕೆಳಕ್ಕೆ ಸಂಗತಿಗಳು: ಎಷ್ಟು ಹೊತ್ತು, ಎಲ್ಲಿ ನಿಂತಿದ್ದ, ಬೆಳಕು ಯಾವುದು, ಯಾರ ಕೈಯಲ್ಲಿ ಏನಿತ್ತು, ಎಷ್ಟು ಏಟು, ಯಾರು ಬಿಡಿಸಿದರು, ಆಸ್ಪತ್ರೆಗೆ ಯಾವುದರಲ್ಲಿ ಹೋದರು. ಮೇಲ್ಭಾಗದಲ್ಲಿ ಅಡ್ಡಕ್ಕೆ ಆತ ಮಾತಾಡಿದ ಎಲ್ಲ ಸಂದರ್ಭಗಳು: ಫಿರ್ಯಾದು, ಪೊಲೀಸ್ ಹೇಳಿಕೆ, ಮರುಹೇಳಿಕೆ, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ಗಾಯದ ಪ್ರಮಾಣಪತ್ರದಲ್ಲಿ ವೈದ್ಯರಿಗೆ ಹೇಳಿದ್ದು. ಕೊನೆಯ ಕಾಲಂ ಖಾಲಿ ಇರಲಿ. ಸಾಕ್ಷಿಯನ್ನು ಕರೆಸಿದ ಪಕ್ಷವೇ ಮೊದಲು ಪ್ರಶ್ನಿಸುವ ಮುಖ್ಯ ವಿಚಾರಣೆ ನಡೆಯುವಾಗ ಅಲ್ಲೇ ತುಂಬಬೇಕು. ಪ್ರತಿ ಮನೆಯಲ್ಲೂ ಸಾಕ್ಷಿಯ ಮಾತುಗಳನ್ನೇ ಬರೆಯಿರಿ. ನಿಮ್ಮ ಸಾರಾಂಶ ಬೇಡ. ಜೊತೆಗೆ ಪುಟ, ಸಾಲಿನ ಸಂಖ್ಯೆ. ಇಷ್ಟು ಮಾಡಿದರೆ ಕಣ್ಣಿಗೆ ಬೀಳುವುದು ಎರಡು: ಒಂದಕ್ಕೊಂದು ಹೊಂದದ ಮನೆಗಳು ಮತ್ತು ಖಾಲಿ ಉಳಿದ ಮನೆಗಳು. ಕಿರಿಯ ವಕೀಲರು ಮೊದಲನೆಯದನ್ನು ಹುಡುಕುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಅನುಭವದ ಮಾತು ಕೇಳುವುದಾದರೆ ಖಾಲಿ ಮನೆಗಳೇ ಹೆಚ್ಚು ಬೆಲೆಬಾಳುತ್ತವೆ.

ಪ್ರಶ್ನೆ ಹಾಳೆಗೆ ಇಳಿಯುವಾಗ ಆಗುವ ಎಡವಟ್ಟು

ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯುವುದಿಲ್ಲ. ನಿಮ್ಮ ಪ್ರಶ್ನೆಯೂ ಆತನ ಉತ್ತರವೂ ಬೆಸೆದು ಸಾಕ್ಷಿಯೇ ಹೇಳಿದಂತೆ ಒಂದು ವಾಕ್ಯವಾಗುತ್ತದೆ. ಕೊನೆಗೆ 'ಎಂದರೆ ಸರಿ' ಅಥವಾ 'ಎಂದರೆ ಸರಿಯಲ್ಲ.' ಇದನ್ನು ಮರೆತು ಮೂರು ಸಂಗತಿ ಒಟ್ಟಿಗೆ ಪೋಣಿಸಿ ಕೇಳಿದರೆ ಹಾಳೆಯ ಮೇಲೆ ಬರುವುದು ಹೀಗೆ:

'ಆ ಹೊತ್ತಿಗೆ ಕತ್ತಲಾಗಿತ್ತು, ಬೀದಿದೀಪ ಇರಲಿಲ್ಲ, ನಾನು ಐವತ್ತು ಅಡಿ ದೂರದಲ್ಲಿದ್ದೆ ಎಂದರೆ ಸರಿಯಲ್ಲ.'

ಯಾವುದು ಸರಿಯಲ್ಲ? ಕತ್ತಲೋ, ದೀಪವೋ, ದೂರವೋ? ಸಾಕ್ಷಿ ಬಹುಶಃ ಐವತ್ತು ಅಡಿಯನ್ನು ಮಾತ್ರ ಅಲ್ಲಗಳೆದಿದ್ದಾನೆ. ಆದರೆ ತೀರ್ಪಿನಲ್ಲಿ ಮೂರನ್ನೂ ಅಲ್ಲಗಳೆದಿದ್ದಾನೆ ಎಂದಾಗುತ್ತದೆ. ಒಂದು ಪ್ರಶ್ನೆಗೆ ಒಂದೇ ಸಂಗತಿ. 'ರಾತ್ರಿ ಎಂಟೂವರೆಗೆ ಕತ್ತಲಾಗಿತ್ತು ಎಂದರೆ ಸರಿ.' ಆಮೇಲೆ ದೀಪ. ಆಮೇಲೆ ದೂರ, ಅದೂ ಅಂಗಡಿಯಿಂದ, ಕಂಬದಿಂದ ಹೀಗೆ ಗುರುತು ಹೇಳಿಸಿ.

ನಕಾರ ಪ್ರಶ್ನೆಯದು ಇದಕ್ಕಿಂತ ಕೆಟ್ಟ ಕಥೆ. 'ನಾನು ನೋಡಲಿಲ್ಲ ಎಂದರೆ ಸರಿಯಲ್ಲ' ಅಂದರೆ ನೋಡಿದ್ದೇನೆ ಎಂದರ್ಥ. ಓದುವವರು ಎರಡು ಸಲ ನಿಂತು ಲೆಕ್ಕ ಹಾಕಬೇಕು. ಸಾಧ್ಯವಾದಷ್ಟೂ ಸಕಾರದಲ್ಲೇ ಕೇಳಿ: 'ನೀವು ಹೋಗುವಾಗ ಆತ ಆಗಲೇ ಬಿದ್ದಿದ್ದ, ಸರಿಯೇ?' ಪ್ರಕರಣದ ಗಂಟು ಬಿಚ್ಚುವಂಥ ಉತ್ತರ ಬಂದಾಗ ಆ ಭಾಗವನ್ನು ಪ್ರಶ್ನೆ ಮತ್ತು ಉತ್ತರವಾಗಿಯೇ ಬರೆಸುವಂತೆ ಕೇಳಿಕೊಳ್ಳಿ. ಸೆಷನ್ಸ್ ವಿಚಾರಣೆಯಲ್ಲಿ ನ್ಯಾಯಾಧೀಶರಿಗೆ ಆ ವಿವೇಚನೆ ಕೊಟ್ಟಿರುವುದು ಹಿಂದೆ ಕಲಂ 276, ಈಗ 311. ದಿನಕ್ಕೆ ಒಂದೆರಡು ಬಾರಿ ಕೇಳಿದರೆ ಒಪ್ಪುತ್ತಾರೆ, ಸಾಲುಸಾಲಿಗೂ ಕೇಳಿದರೆ ಸಿಡುಕುತ್ತಾರೆ.

ಸಾಕ್ಷಿ ತಲೆಯಾಡಿಸಿದರೆ, ಕೈ ತೋರಿಸಿ 'ಇಷ್ಟು ದೂರ' ಎಂದರೆ, ಅದನ್ನು ಮಾತಿಗೆ ತಿರುಗಿಸುವ ಹೊಣೆ ನಿಮ್ಮದೇ. 'ಇಲ್ಲಿಂದ ಬಾಗಿಲವರೆಗೆ ಅಂದರೆ ಸುಮಾರು ಮೂವತ್ತು ಅಡಿ ಎಂದು ಸಾಕ್ಷಿ ತೋರಿಸುತ್ತಾರೆ' ಎಂದು ಬರೆಸಿಕೊಳ್ಳಿ.

ವಿರೋಧಾಭಾಸವನ್ನು ದಾಖಲಿಸುವ ಕ್ರಮ

ಆರೋಪಿ ಪರ ವಕೀಲರ ಅರ್ಧ ಜೀವನ ನಡೆಯುವುದು ಇಲ್ಲಿ. ಪೊಲೀಸರು ಬರೆದುಕೊಂಡ ಹೇಳಿಕೆ ಸಾಕ್ಷ್ಯವಲ್ಲ. ಪ್ರಾಸಿಕ್ಯೂಷನ್ ಸಾಕ್ಷಿ ಕೋರ್ಟಿನಲ್ಲಿ ಬೇರೆ ಮಾತಾಡಿದರೆ ಅದನ್ನು ತೋರಿಸಲು ಆರೋಪಿ ಅದನ್ನು ಬಳಸಬಹುದು. ಕೋರ್ಟಿನ ಅನುಮತಿ ಪಡೆದು ಪ್ರಾಸಿಕ್ಯೂಷನ್ ಕೂಡ. ಆರು ನ್ಯಾಯಮೂರ್ತಿಗಳ ಪೀಠ 1959ರ ತಹಸೀಲ್ದಾರ್ ಸಿಂಗ್ ಪ್ರಕರಣದಲ್ಲಿ ಇದರ ಎಲ್ಲೆಯನ್ನು ಗುರುತಿಸಿದೆ.

ಒಂದು ಊಹೆಯ ಉದಾಹರಣೆ ಇಟ್ಟುಕೊಳ್ಳೋಣ. ಮಚ್ಚಿನಿಂದ ಹಲ್ಲೆಯಾದ ಪ್ರಕರಣ. ಪ್ರಾ.ಸಾ.2 (ಪ್ರಾಸಿಕ್ಯೂಷನ್ನಿನ ಎರಡನೇ ಸಾಕ್ಷಿ) ಮುಖ್ಯ ವಿಚಾರಣೆಯಲ್ಲಿ 'ಒಂದನೇ ಆರೋಪಿ ಮಚ್ಚಿನಿಂದ ಹೊಡೆಯುವುದನ್ನು ನಾನು ನೋಡಿದೆ' ಎಂದಿದ್ದಾನೆ. ಪೊಲೀಸ್ ಹೇಳಿಕೆಯಲ್ಲಿರುವುದು: 'ಕೂಗಾಟ ಕೇಳಿ ಓಡಿಹೋಗಿ ನೋಡಲಾಗಿ ಸದರಿಯವನು ನೆಲದ ಮೇಲೆ ಬಿದ್ದಿದ್ದನು.'

ಮೊದಲು, ಕೋರ್ಟಿನಲ್ಲಿ ಹೇಳಿದ ಮಾತಿಗೆ ಆತನನ್ನು ಕಟ್ಟಿಹಾಕಿ. ಕೂಗಾಟಕ್ಕೂ ಮೊದಲೇ ನೀನು ಅಲ್ಲಿದ್ದೆಯಾ, ಮೊದಲ ಏಟನ್ನೂ ನೋಡಿದೆಯಾ ಎಂದು ಕೇಳಿ ಹೌದೆನ್ನಿಸಿ. ಹಳೆಯ ಹೇಳಿಕೆ ತೋರಿಸಿದ ಮೇಲೆ 'ನಾನು ಹೇಳಿದ್ದು ಎರಡನೇ ಏಟಿನ ಬಗ್ಗೆ' ಎಂದು ನುಣುಚಿಕೊಳ್ಳಲು ಆಗ ಜಾಗವಿರುವುದಿಲ್ಲ. ಎರಡನೆಯದು, ಹೇಳಿಕೆಯ ಆ ವಾಕ್ಯವನ್ನು ಇದ್ದ ಹಾಗೇ ಓದಿಹೇಳಿ, ಪೊಲೀಸರ ಮುಂದೆ ಹೀಗೆ ಹೇಳಿದ್ದೆಯಾ ಎಂದು ಕೇಳಿ. ಒಪ್ಪಿಕೊಂಡರೆ ಕೆಲಸ ಅಲ್ಲಿಗೇ ಮುಗಿಯಿತು. ಹೇಳಿಲ್ಲ ಎಂದರೆ ಆ ವಾಕ್ಯದ ಎರಡೂ ತುದಿಗೆ ಆವರಣ ಹಾಕಿಸಿ, 'ಎ'ಯಿಂದ 'ಎ' ಎಂದು ಗುರುತಿಸಿ, ನಿಶಾನೆ ಡಿ-1 (ಆರೋಪಿ ಪರ ಮೊದಲ ದಾಖಲೆ ಎಂಬ ಗುರುತು) ಕೊಡಿಸಬೇಕು. ಇಡೀ ಹೇಳಿಕೆಯನ್ನು ಗುರುತಿಸಬೇಡಿ. ಗುರುತಿಸಿದರೆ ನಿಮಗೆ ಬೇಡವಾದ ಸಾಲುಗಳೂ ಕಡತದಲ್ಲಿ ಕಣ್ಣೆದುರಿಗೆ ಬಂದು ಕೂರುತ್ತವೆ.

ಇಲ್ಲಿಗೆ ಆಗಿರುವುದು ಅರ್ಧ ಕೆಲಸ. ಡಿ-1 ಗುರುತಾಗಿದೆ, ರುಜುವಾತಾಗಿಲ್ಲ. ಹೇಳಿಕೆ ಬರೆದುಕೊಂಡ ತನಿಖಾಧಿಕಾರಿ ಕಟಕಟೆಗೆ ಬಂದಾಗ 'ಪ್ರಾ.ಸಾ.2 ನಿಶಾನೆ ಡಿ-1ರಂತೆ ನನ್ನ ಮುಂದೆ ಹೇಳಿಕೆ ಕೊಟ್ಟಿದ್ದಾರೆ' ಎನ್ನಿಸಬೇಕು. ಸಾಕ್ಷಿಗೂ ಅಧಿಕಾರಿಗೂ ನಡುವೆ ಒಂದು ವರ್ಷದ ಅಂತರವಿದ್ದರೆ ಈ ಪ್ರಶ್ನೆ ಮರೆತುಹೋಗುವುದು ತೀರಾ ಸಾಮಾನ್ಯ. ಮರೆತರೆ ಡಿ-1ಕ್ಕೆ ಕಾಗದದ ಬೆಲೆಯೂ ಇಲ್ಲ. ಅದಕ್ಕೇ ಪ್ರತಿ ಸಾಕ್ಷಿ ಮುಗಿದ ದಿನವೇ ಫೈಲಿನಲ್ಲಿ 'ತನಿಖಾಧಿಕಾರಿಗೆ ಕೇಳಬೇಕಾದ್ದು' ಎಂಬ ಪ್ರತ್ಯೇಕ ಹಾಳೆಗೆ ಒಂದು ಸಾಲು ಸೇರಿಸಿ. ನಿಜಕ್ಕೂ ತಪ್ಪಿಹೋಗಿದ್ದರೆ ಕಲಂ 348ರಡಿ ಮರಳಿ ಕರೆಸಲು ಅರ್ಜಿ ಹಾಕಬಹುದು. ಸಿಗುತ್ತದೆಂಬ ಖಾತರಿಯಿಲ್ಲ, ಸಿಕ್ಕರೂ ಖರ್ಚು ಕಟ್ಟಬೇಕಾಗಬಹುದು.

ಖಾಲಿ ಮನೆಗಳಿಗೆ ಕ್ರಮ ಸ್ವಲ್ಪ ಬೇರೆ. 'ಎರಡನೇ ಆರೋಪಿ ಗಾಯಾಳುವನ್ನು ಹಿಂದಿನಿಂದ ಹಿಡಿದುಕೊಂಡ' ಎಂದು ಕೋರ್ಟಿನಲ್ಲಿ ಹೊಸದಾಗಿ ಹೇಳಿದ್ದಾನೆ, ಹೇಳಿಕೆಯಲ್ಲಿ ಆ ಮಾತೇ ಇಲ್ಲ ಎಂದಿಟ್ಟುಕೊಳ್ಳಿ. ಗುರುತಿಸಲು ವಾಕ್ಯವೇ ಇಲ್ಲವಾದ್ದರಿಂದ ನಿಶಾನೆ ಬೇಕಿಲ್ಲ. 'ಇದನ್ನು ಪೊಲೀಸರಿಗೆ ಹೇಳಿದ್ದೆಯಾ?' ಎಂದು ಸಾಕ್ಷಿಗೆ ಕೇಳಿ. ಸಾಮಾನ್ಯವಾಗಿ 'ಹೇಳಿದ್ದೇನೆ, ಅವರು ಯಾಕೆ ಬರೆದಿಲ್ಲವೋ ಗೊತ್ತಿಲ್ಲ' ಎನ್ನುತ್ತಾನೆ. ಅದೇ ಮಾತನ್ನು ತನಿಖಾಧಿಕಾರಿಗೆ ಹಾಕಿ: 'ಪ್ರಾ.ಸಾ.2 ಹೀಗೆಂದು ನನ್ನ ಮುಂದೆ ಹೇಳಿಲ್ಲ ಎಂದರೆ ಸರಿ.' ನಕಾರ ವಾಕ್ಯ ಒಳ್ಳೆಯ ಕೆಲಸ ಮಾಡುವುದು ಇದೊಂದು ಕಡೆ. ಆದರೆ ಬಿಟ್ಟುಹೋದ ಮಾತೆಲ್ಲ ವಿರೋಧಾಭಾಸವಲ್ಲ. ಸಂದರ್ಭ ನೋಡಿದರೆ ಆಗಲೇ ಹೇಳಬೇಕಿದ್ದ ಮಹತ್ವದ ಸಂಗತಿಯಾಗಿದ್ದರೆ ಮಾತ್ರ ಆದೀತು ಎಂದು ಕಲಂ 181ರ ವಿವರಣೆಯೇ ಹೇಳುತ್ತದೆ. ಅಂಗಿಯ ಬಣ್ಣ, ಬೈಕಿನ ಬಣ್ಣ ಎಂದು ಹದಿನಾಲ್ಕು ಗುರುತು ಹಾಕಿಸಿದರೆ ತೀರ್ಪಿನಲ್ಲಿ 'ಕಾಲ ಕಳೆದಂತೆ ಸಹಜವಾಗಿ ಬರುವ ಸಣ್ಣಪುಟ್ಟ ವ್ಯತ್ಯಾಸ' ಎಂಬ ಒಂದೇ ವಾಕ್ಯದಲ್ಲಿ ಹದಿನಾಲ್ಕೂ ಹೋಗುತ್ತವೆ, ಜೊತೆಗೆ ಒಳ್ಳೆಯ ಎರಡನ್ನೂ ಕರೆದುಕೊಂಡು ಹೋಗುತ್ತವೆ.

ಇನ್ನೊಂದು ತಪ್ಪು ನಿತ್ಯ ಕಾಣುತ್ತದೆ: ಪ್ರಾ.ಸಾ.3ರ ಹೇಳಿಕೆ ಹಿಡಿದುಕೊಂಡು ಪ್ರಾ.ಸಾ.2ನ್ನು 'ಅವನು ಹೀಗೆ ಹೇಳಿದ್ದಾನಲ್ಲ?' ಎಂದು ಕೇಳುವುದು. ಒಬ್ಬನ ಹಿಂದಿನ ಹೇಳಿಕೆಯಿಂದ ಇನ್ನೊಬ್ಬನನ್ನು ವಿರೋಧಿಸಲು ಬರುವುದಿಲ್ಲ. ಫಿರ್ಯಾದು ಪತ್ರಕ್ಕೂ ಅಷ್ಟೇ, ಬರೆದುಕೊಟ್ಟವನ ಮಟ್ಟಿಗೆ ಮಾತ್ರ. ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿ ಇರುತ್ತದೆ; ಮೊದಲು ಸಹಿ ಒಪ್ಪಿಸಿ, ಆಮೇಲೆ ಸಾಲು ಓದಿ.

ಕೇಳಬಾರದ ಪ್ರಶ್ನೆ, ಹಾಕಬಾರದ ಸೂಚನೆ

ಕತ್ತಲು ಬಂತು, ದೀಪ ಇಲ್ಲವೆಂದಾಯಿತು, ದೂರವೂ ಬಂತು. ಇಲ್ಲಿ ಕೂತುಬಿಡಬೇಕು. ಆದರೆ ನಾಲಿಗೆ ತುದಿಯಲ್ಲಿ ಒಂದು ಪ್ರಶ್ನೆ ಕುಣಿಯುತ್ತಿರುತ್ತದೆ: 'ಹಾಗಾದರೆ ಆ ಕತ್ತಲಲ್ಲಿ ಹೇಗೆ ಗುರುತು ಹಿಡಿದೆ?' ಉತ್ತರ: 'ಅವನ ದನಿ ಚಿಕ್ಕಂದಿನಿಂದ ಗೊತ್ತು ಸ್ವಾಮಿ.' ಪ್ರಾಸಿಕ್ಯೂಟರ್ ಕೇಳಲು ಮರೆತದ್ದನ್ನು ನೀವೇ ತುಂಬಿಕೊಟ್ಟಿರಿ. ಹೇಗೆ, ಯಾಕೆ ಎಂಬ ಪ್ರಶ್ನೆಗಳು ಸಾಕ್ಷಿಗೆ ಭಾಷಣದ ಅವಕಾಶ. ಪಾಟೀ ಸವಾಲಿನಲ್ಲಿ ಉತ್ತರವನ್ನು ಸೂಚಿಸುವ ಪ್ರಶ್ನೆ ಕೇಳಲು ಕಾನೂನೇ ಬಿಟ್ಟಿರುವಾಗ ತೆರೆದ ಪ್ರಶ್ನೆ ಯಾಕೆ? ಸಾಕ್ಷ್ಯದಲ್ಲಿ ಉಳಿದ ಆ ಕೊರತೆಯ ಮಾತನ್ನು ವಾದ ಮಂಡನೆಗೆ ಇಟ್ಟುಕೊಳ್ಳಿ.

ಕೊನೆಗೆ ಹಾಕುವ ಸೂಚನೆಗಳ (ನಡೆದದ್ದು ಹೀಗೆ ಎಂದು ನಿಮ್ಮ ಕಡೆಯ ಕಥೆಯನ್ನು ಸಾಕ್ಷಿಯ ಮುಂದಿಡುವ ಮಾತುಗಳ) ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೂಚನೆಯನ್ನು ಸಾಕ್ಷಿ ಅಲ್ಲಗಳೆದರೆ ಅದರಿಂದ ನಿಮಗೆ ಏನೂ ದಕ್ಕುವುದಿಲ್ಲ. ಆದರೆ ವಕೀಲರು ಹಾಕಿದ ಸೂಚನೆಯಲ್ಲೇ ಆರೋಪಿಗೆ ಮುಳುವಾಗುವ ಒಪ್ಪಿಗೆ ಅಡಗಿದ್ದರೆ ಅದನ್ನು ಆರೋಪಿಯ ವಿರುದ್ಧ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. 'ನೀನೇ ಮೊದಲು ಕಲ್ಲೆಸೆದೆ, ಅದಕ್ಕೆ ಆರೋಪಿ ತಿರುಗಿ ಹೊಡೆದ' ಎಂದರೆ ಆರೋಪಿ ಸ್ಥಳದಲ್ಲಿದ್ದ, ಹೊಡೆದ ಎರಡೂ ಬಂದವು. ಮುಂದಿನ ಸಾಲಿನಲ್ಲೇ 'ಆರೋಪಿ ಆ ದಿನ ಊರಲ್ಲೇ ಇರಲಿಲ್ಲ' ಎಂಬ ಸೂಚನೆ ಇರುವ ಸಾಕ್ಷ್ಯಗಳನ್ನು ಬೇಕಾದಷ್ಟು ನೋಡಬಹುದು. ಆತ್ಮರಕ್ಷಣೆಯೋ, ಸ್ಥಳದಲ್ಲಿ ಇರಲೇ ಇಲ್ಲವೆಂಬುದೋ, ಪ್ರಾ.ಸಾ.1 ಕಟಕಟೆ ಹತ್ತುವ ಮೊದಲೇ ನಿರ್ಧಾರವಾಗಬೇಕು, ಆಮೇಲೆ ಎಲ್ಲ ಸಾಕ್ಷಿಗಳಿಗೂ ಅದೇ ಹೋಗಬೇಕು. ಹಾಗೆಂದು ಸೂಚನೆಯೇ ಬೇಡವೆಂದೂ ಅಲ್ಲ. ಮುಖ್ಯ ಸಂಗತಿಯೊಂದನ್ನು ಪ್ರಶ್ನಿಸದೆ ಬಿಟ್ಟರೆ ಅದನ್ನು ಒಪ್ಪಿದಂತೆ ಎಂಬ ವಾದ ಎದುರಿನಿಂದ ಬಂದೇ ಬರುತ್ತದೆ.

ವೈದ್ಯರು, ಪಂಚರು, ವಿಡಿಯೊ

ವೈದ್ಯರ ಜೊತೆ ಜಗಳ ಬೇಡ. ಗಾಯಾಳು ಎಷ್ಟು ಗಂಟೆಗೆ ಬಂದ, ಯಾರು ಕರೆತಂದರು, ಏನಾಯಿತೆಂದು ಹೇಳಿದ, ಗಾಯ ಎಷ್ಟು ಹೊತ್ತಿನದು, ಒರಟು ನೆಲಕ್ಕೆ ಬಿದ್ದರೂ ಆಗಬಹುದೇ, ಮುದ್ದೆಮಾಲಿನ ಆಯುಧವನ್ನು ತನಿಖಾಧಿಕಾರಿ ತೋರಿಸಿ ಅಭಿಪ್ರಾಯ ಪಡೆದಿದ್ದಾರೆಯೇ: ಇಷ್ಟು ಸಾಕು. ಆರೋಪಿಯ ಹೆಸರು ಗಾಯದ ಪ್ರಮಾಣಪತ್ರದಲ್ಲಿ ಇಲ್ಲವೆಂಬುದನ್ನೇ ನೆಚ್ಚಿಕೊಳ್ಳಬೇಡಿ, ಹೆಸರು ಬರೆಯುವುದು ವೈದ್ಯರ ಕೆಲಸವಲ್ಲ ಎಂದು ಕೋರ್ಟುಗಳು ಹೇಳುತ್ತ ಬಂದಿವೆ. 'ಅಪರಿಚಿತರು ಹೊಡೆದರು' ಎಂದು ಬರೆದಿದ್ದರೆ ಮಾತು ಬೇರೆ.

ಫಿರ್ಯಾದು ತಡವಾಗಿ ಹುಟ್ಟಿತೆಂಬ ವಾದವಿದ್ದರೆ ಪ್ರಥಮ ವರ್ತಮಾನ ವರದಿ ಮ್ಯಾಜಿಸ್ಟ್ರೇಟರಿಗೆ ತಲುಪಿದ ಗಂಟೆಯನ್ನು ಅದರ ಮೇಲಿನ ಷರಾದಲ್ಲಿ ನೋಡಿ, ಅದನ್ನು ಒಯ್ದ ಪೇದೆಗೆ ಕೇಳಿ. ಫಿರ್ಯಾದಿಗೆ ಕೇಳಿದರೆ ನೆಪಗಳು ಬರುತ್ತವೆ. ಈಗ ಎಲೆಕ್ಟ್ರಾನಿಕ್ ರೂಪದಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು. ಅಂಥ ಪ್ರಕರಣದಲ್ಲಿ ಮೊದಲು ಕಳಿಸಿದ ಸಂದೇಶವನ್ನೂ ಸಹಿಯಾದ ಫಿರ್ಯಾದನ್ನೂ ಪಕ್ಕಪಕ್ಕ ಇಟ್ಟು ಓದಿ. ಮೂರು ದಿನದಲ್ಲಿ ಹೆಸರುಗಳು ಎಷ್ಟು ಬೆಳೆದಿವೆ ಎಂಬುದು ಅಲ್ಲೇ ಕಾಣುತ್ತದೆ.

ಪೊಲೀಸರ ಶೋಧ, ವಶಪಡಿಸುವಿಕೆಯ ಮಹಜರಿಗೆ ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರಿಗೆ ಹಳೆಯ ಪ್ರಶ್ನೆಗಳು ಇದ್ದೇ ಇವೆ: ಸಹಿ ಎಲ್ಲಿ ಹಾಕಿದಿರಿ, ಬರೆದವರು ಯಾರು, ಓದಿಹೇಳಿದರೇ. ಹೊಸ ಸಂಹಿತೆಯ ಕಲಂ 105 ಶೋಧ ಮತ್ತು ವಶಪಡಿಸುವಿಕೆಯನ್ನು, ವಸ್ತುಗಳ ಪಟ್ಟಿ ಮಾಡಿ ಸಾಕ್ಷಿಗಳು ಸಹಿ ಹಾಕುವುದೂ ಸೇರಿದಂತೆ, ಚಿತ್ರೀಕರಿಸಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎನ್ನುತ್ತದೆ. ಹಾಗಾಗಿ ತನಿಖಾಧಿಕಾರಿಗೆ: ಯಾವ ಫೋನಿನಲ್ಲಿ ಚಿತ್ರೀಕರಿಸಿದಿರಿ, ಎಷ್ಟು ನಿಮಿಷ, ನಡುವೆ ನಿಲ್ಲಿಸಿದಿರಾ, ಯಾವತ್ತು ಕಳಿಸಿದಿರಿ. ಮಹಜರಿನಲ್ಲಿ ಒಂದೂವರೆ ಗಂಟೆ, ವಿಡಿಯೊ ನಾಲ್ಕು ನಿಮಿಷ ಎಂದಿದ್ದರೆ ಆ ಎರಡು ಅಂಕಿಗಳನ್ನಷ್ಟೇ ಹಾಳೆಗೆ ತಂದು ಸುಮ್ಮನಾಗಿ.

ವಿಡಿಯೊ, ಕರೆಗಳ ವಿವರ ಮುಂತಾದವಕ್ಕೆ ಕಲಂ 63(4)ರ ಪ್ರಮಾಣಪತ್ರ ಬೇಕು. ಅನುಸೂಚಿಯಲ್ಲಿ ಅದರ ನಮೂನೆಯಿದೆ: ಭಾಗ ಎ ದಾಖಲೆ ಹಾಜರುಪಡಿಸುವವರದು, ಭಾಗ ಬಿ ತಜ್ಞರದು. ಡಿಜಿಟಲ್ ಕಡತದ ಬೆರಳಚ್ಚಿನಂಥ ಸಂಕೇತವಾದ ಹ್ಯಾಶ್ ಮೌಲ್ಯ ಎರಡರಲ್ಲೂ ಬರೆದಿರಬೇಕು. ಎರಡರ ಅಂಕಿಯನ್ನೂ ಅಕ್ಷರ ಅಕ್ಷರ ಹೋಲಿಸಿ. ಬೇಸರದ ಕೆಲಸ, ಆದರೆ ಇದಕ್ಕಿಂತ ಅಗ್ಗದ ಪಾಟೀ ಸವಾಲು ಇಲ್ಲ. ಪ್ರಮಾಣಪತ್ರವೇ ಇಲ್ಲದಿದ್ದರೆ ದಾಖಲೆ ಗುರುತಿಸುವ ಕ್ಷಣದಲ್ಲೇ ಎದ್ದು ಆಕ್ಷೇಪಣೆ ಹೇಳಿ, ಅದನ್ನು ಬರೆಸಿ. ಆಗ ಬಾಯಿ ಮುಚ್ಚಿಕೊಂಡಿದ್ದು ಮೇಲ್ಮನವಿಯಲ್ಲಿ ಮೊದಲ ಸಲ ಎತ್ತಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಳೆಯ 65ಬಿ ಕುರಿತು 2017ರಲ್ಲೇ ಹೇಳಿದೆ.

ಪ್ರತಿಕೂಲ ಸಾಕ್ಷಿ ಮತ್ತು ಮಕ್ಕಳು

ಸಾಕ್ಷಿ ಪ್ರತಿಕೂಲವಾಗಿ ಪ್ರಾಸಿಕ್ಯೂಟರರೇ ಪಾಟೀ ಸವಾಲು ಮಾಡಿದ ಮೇಲೆ ನಿಮ್ಮ ಸರದಿ ಬಂದಾಗ ಬಹುಪಾಲು 'ಪ್ರಶ್ನೆ ಇಲ್ಲ' ಎನ್ನುವುದೇ ಲೇಸು. ಅಂಥವನ ಸಾಕ್ಷ್ಯ ಪೂರ್ತಿ ಅಳಿಸಿಹೋಗುವುದಿಲ್ಲ, ನಂಬಲರ್ಹವಾದ ಭಾಗವನ್ನು ಕೋರ್ಟು ಆರಿಸಿಕೊಳ್ಳಬಹುದು. ಗೆಳೆಯನಂತೆ ಕಾಣುವವನ ಬಾಯಿಂದ ಇನ್ನೊಂದು ಮಾತು ಹೊರಡಿಸುವ ಆಸೆ ಬೇಡ.

ಪೋಕ್ಸೊ ಪ್ರಕರಣದಲ್ಲಿ ಮಗುವಿಗೆ ನೀವು ನೇರವಾಗಿ ಪ್ರಶ್ನೆ ಹಾಕುವಂತಿಲ್ಲ. ವಿಶೇಷ ನ್ಯಾಯಾಲಯಕ್ಕೆ ತಿಳಿಸಬೇಕು, ನ್ಯಾಯಾಧೀಶರು ಮಗುವನ್ನು ಕೇಳುತ್ತಾರೆ. ಪ್ರಶ್ನೆಗಳನ್ನು ಮೊದಲೇ ಬರೆದು, ಮಗುವಿನ ಮಾತಿನಲ್ಲೇ, ಒಂದು ಸಾಲಿಗೆ ಒಂದರಂತೆ ಕೊಡಿ. ಲೈಂಗಿಕ ಅಪರಾಧಗಳಲ್ಲಿ ಸಮ್ಮತಿ ತೋರಿಸಲು ಸಂತ್ರಸ್ತೆಯ ನಡತೆ, ಹಿಂದಿನ ಸಂಬಂಧಗಳ ಬಗ್ಗೆ ಕೇಳುವುದನ್ನು ಕಾನೂನು ಸ್ಪಷ್ಟವಾಗಿ ನಿಷೇಧಿಸಿದೆ. ಕೇಳಿಸಿಕೊಂಡವರಿಗೆ ಅಸಹ್ಯವಾಗುವುದಷ್ಟೇ ಲಾಭ.

ಹಾಳೆಗೆ ಸಹಿಯಾಗುವ ಮುನ್ನ

ಸಾಕ್ಷ್ಯ ಮುಗಿದ ಮೇಲೆ ಅದನ್ನು ಆರೋಪಿ ಅಥವಾ ವಕೀಲರ ಸಮ್ಮುಖದಲ್ಲಿ ಸಾಕ್ಷಿಗೆ ಓದಿಹೇಳಬೇಕು (ಹಿಂದೆ ಕಲಂ 278, ಈಗ 313). ಮುಂದಿನ ಕೇಸಿನ ಫೈಲು ಹುಡುಕುತ್ತ ಆಗ ಹೊರಗೆ ಹೋಗಬೇಡಿ. ಪರದೆಯ ಮೇಲೋ ಮುದ್ರಿತ ಪ್ರತಿಯಲ್ಲೋ ನಾಲ್ಕು ಕಡೆ ಕಣ್ಣಾಡಿಸಿ: 'ಸರಿ'ಗೆ ಬದಲು 'ಸರಿಯಲ್ಲ' ಬಿದ್ದಿದೆಯೇ, ಆರೋಪಿಯ ಕ್ರಮಸಂಖ್ಯೆ ಅದಲುಬದಲಾಗಿದೆಯೇ, ನಿಶಾನೆ ಡಿ-1ರ ಆವರಣ ಮೂಲ ಹೇಳಿಕೆಯ ಮೇಲೂ ಬಿದ್ದಿದೆಯೇ, ನಿಮ್ಮ ಆಕ್ಷೇಪಣೆ ಬರೆದಿದ್ದಾರೆಯೇ. ತಪ್ಪಿದ್ದರೆ ಆಗಲೇ ಹೇಳಿದರೆ ಎರಡು ನಿಮಿಷದಲ್ಲಿ ಸರಿಯಾಗುತ್ತದೆ. ಅದೇ ದಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಸಿಕ್ಕ ಪ್ರತಿಯನ್ನು ಆ ದೊಡ್ಡ ಹಾಳೆಯ ಕೊನೆಯ ಕಾಲಂ ಜೊತೆ ತಾಳೆ ನೋಡಿ, ತನಿಖಾಧಿಕಾರಿಯ ಪಟ್ಟಿಗೆ ಹೊಸ ಸಾಲು ಸೇರಿಸಿ, ಮುಂದಿನ ಸಾಕ್ಷಿಯ ಹಾಳೆ ತೆಗೆಯಿರಿ.